ರೇಡಿಯೇಶನ್ ನಡೆಯುವಾಗ ಅರಿಶಿನದ ಕ್ಯಾಪ್ಸೂಲ್ ಬೇಕೆ?

ಪ್ರಶ್ನೆ: ಅಪ್ಪನಿಗೆ ಬಾಯಿ ಕ್ಯಾನ್ಸರ್. ಆರು ವಾರ ರೇಡಿಯೇಶನ್ ಹೇಳಿದ್ದಾರೆ, ಎರಡು ವಾರ ಮುಗಿದಿದೆ. ಬಾಯೆಲ್ಲ ಹುಣ್ಣು. ಅರಿಶಿನ, ತುಳಸಿ, ನೆಲ್ಲಿಕಾಯಿಯಲ್ಲಿ ಆಂಟಿಆಕ್ಸಿಡೆಂಟ್ ಇರುತ್ತದೆ, ಕರೆಂಟಿನ ವಿಷ ತೆಗೆಯುತ್ತದೆ ಎಂದು ನೆಂಟರೊಬ್ಬರು ಇವುಗಳ ಸಾರದ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಕೊಡಬಹುದೇ ಡಾಕ್ಟರೇ?
– ಓದುಗರು, ದಾವಣಗೆರೆ

ಉತ್ತರ: ಚಿಕಿತ್ಸೆ ಮುಗಿಯುವವರೆಗೆ ಬೇಡ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಬಗ್ಗೆ ನಾನು ಹೇಳುತ್ತಿಲ್ಲ, ಅದು ಇರಲಿ. ಬೇಡವೆನ್ನುತ್ತಿರುವುದು ಕ್ಯಾಪ್ಸೂಲನ್ನು. ಜೀವಕೋಶದಲ್ಲಿ ಬಹುಪಾಲು ಇರುವುದು ನೀರು. ಕಿರಣ ತಾಗಿದಾಗ ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ಎಂಬ ಮುಕ್ತ ರ‍್ಯಾಡಿಕಲ್ ಹುಟ್ಟುತ್ತದೆ. ಅದರ ಆಯುಸ್ಸು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು, ಅಷ್ಟರಲ್ಲೇ ಪಕ್ಕದಲ್ಲಿ ಸಿಕ್ಕ ಡಿಎನ್ಎಯನ್ನು ಕಡಿದುಹಾಕುತ್ತದೆ. ಎಕ್ಸ್-ರೇಯಂಥ ಕಿರಣಗಳು ಡಿಎನ್ಎಗೆ ಮಾಡುವ ಹಾನಿಯಲ್ಲಿ ಸುಮಾರು ಮೂರನೇ ಎರಡು ಪಾಲು ಈ ದಾರಿಯದ್ದೇ. ಆಂಟಿಆಕ್ಸಿಡೆಂಟ್ ಈ ರ‍್ಯಾಡಿಕಲ್ಲನ್ನು ತಣಿಸಬಲ್ಲದು. ನಿಮ್ಮ ನೆಂಟರ ತರ್ಕ ಇಲ್ಲಿಯವರೆಗೆ ಸರಿಯೇ. ಆದರೆ ತಂದೆಯವರ ಗೆಡ್ಡೆ ಸಾಯಬೇಕಾದದ್ದೂ ಇದೇ ರ‍್ಯಾಡಿಕಲ್ಲುಗಳಿಂದ. ನೆಂಟರು ವಿಷ ಎನ್ನುತ್ತಿರುವುದೇ ಇಲ್ಲಿ ಮದ್ದು. ರಕ್ತದೊಡನೆ ಹರಿಯುವ ಕ್ಯಾಪ್ಸೂಲಿನ ಸತ್ವಕ್ಕೆ ಒಳ್ಳೆಯ ಕೋಶ ಯಾವುದು, ಕೆಟ್ಟದ್ದು ಯಾವುದು ಎಂದು ಗೊತ್ತಾಗುವುದಿಲ್ಲ.

ಇದು ಬರೀ ಊಹೆಯಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಬಾಯಿ-ಗಂಟಲಿನ ಭಾಗದ ಕ್ಯಾನ್ಸರ್‌ಗೆ ರೇಡಿಯೇಶನ್ ಪಡೆಯುತ್ತಿದ್ದ 540 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ವಿಟಮಿನ್ ಇ, ಮೊದಮೊದಲು ಅದರ ಜೊತೆಗೆ ಬೀಟಾ ಕ್ಯಾರೋಟಿನ್ ಕೊಟ್ಟು, ಉಳಿದವರಿಗೆ ಸತ್ವವಿಲ್ಲದ ಮಾತ್ರೆ ಕೊಟ್ಟು ನೋಡಿದರು. ಫಲಿತಾಂಶ 2005ರಲ್ಲಿ ಬಂತು. ವಿಟಮಿನ್ ಗುಂಪಿನಲ್ಲಿ, ಮುಖ್ಯವಾಗಿ ಎರಡನ್ನೂ ಪಡೆದವರಿಗೆ, ಹುಣ್ಣು, ಉರಿಯಂಥ ತೊಂದರೆ ಕಡಿಮೆಯಾಗಿತ್ತು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದೇ ಗುಂಪಿನಲ್ಲಿ ಗೆಡ್ಡೆ ಮರಳಿ ಬಂದವರು ಹೆಚ್ಚಿದ್ದರು. ಆ ವ್ಯತ್ಯಾಸ ಲೆಕ್ಕಶಾಸ್ತ್ರದ ಒರೆಗಲ್ಲಿನಲ್ಲಿ ಪೂರ್ತಿ ಗಟ್ಟಿಯಾಗಿ ನಿಲ್ಲಲಿಲ್ಲ, ನಿಜ. ಆದರೆ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣವೂ ಅದೇ ಗುಂಪಿನಲ್ಲಿ ಹೆಚ್ಚೆಂದು ಕಂಡುಬಂತು. ನಾಲ್ಕು ವಾರದ ಹುಣ್ಣಿನ ನೋವಿಗೆ ತೆರುವ ಬೆಲೆ ಇದಾದರೆ, ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ತುಳಸಿಯ ಮೇಲೆ ನಡೆದ ಸಂಶೋಧನೆಯೆಲ್ಲ ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ, ಒಳ್ಳೆಯ ಕೆಲಸ, ಅದೂ ನಮ್ಮ ಮಣಿಪಾಲದಲ್ಲೇ ನಡೆದದ್ದು. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿಯ ಓರಿಯೆಂಟಿನ್, ವೈಸೆನಿನ್ ಎಂಬ ಫ್ಲೇವನಾಯ್ಡ್‌ಗಳು ಇಲಿಗಳನ್ನು ಮಾರಕ ವಿಕಿರಣದಿಂದ ಉಳಿಸುತ್ತವೆ ಎಂದು ತೋರಿಸಿದರು. ಆದರೆ ಆ ಇಲಿಗಳಿಗೆ ಶುದ್ಧೀಕರಿಸಿದ ಸತ್ವವನ್ನು ಕಿರಣ ಬೀಳುವ ಮುಂಚೆ ಹೊಟ್ಟೆಯೊಳಕ್ಕೆ ಸೂಜಿಯಲ್ಲಿ ಚುಚ್ಚಿದ್ದರು. ಮನುಷ್ಯ ಬಾಯಿಂದ ನುಂಗಿದ್ದು ಕರುಳನ್ನೂ ಯಕೃತ್ತನ್ನೂ ದಾಟಿ ಬರಬೇಕು. ಅರಿಶಿನದ ಪಾಡು ನೋಡಿ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿತೋ ಇಲ್ಲವೋ ಎಂಬಷ್ಟೇ ಇತ್ತು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ, ಎಂದರೆ 2 ಗ್ರಾಂಗೆ ಅರವತ್ತು ಗ್ರಾಂಗೂ ಮಿಕ್ಕಿ ಪುಡಿ ಬೇಕು. ಮೆಣಸಿನ ಪೈಪರಿನ್ ಸೇರಿಸಿದ ಮೇಲೆ ಹೀರಿಕೆ ಇಪ್ಪತ್ತು ಪಟ್ಟು ಏರಿತು. ಇಂದು ಅನೇಕ ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುವುದು ಈ ಕಾರಣಕ್ಕೇ. ಪೈಪರಿನ್ ಬೇರೆ ಔಷಧಿಗಳು ದೇಹದಲ್ಲಿ ಕರಗುವ ವೇಗವನ್ನೂ ಬದಲಿಸುತ್ತದೆ. ಸಾಂದ್ರ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಗಿಡದಿಂದ ಬಂದದ್ದು ಏನು ಕೆಡುಕು ಮಾಡೀತು ಎಂಬ ಮಾತಿಗೆ ಹೊಗೆಸೊಪ್ಪೂ ಗಿಡವೇ ಎಂದಷ್ಟೇ ಹೇಳಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಹಣ್ಣು-ತರಕಾರಿ ಹೆಚ್ಚು ತಿನ್ನುವವರಲ್ಲಿ ಕೆಲವು ಕ್ಯಾನ್ಸರ್ ಕಡಿಮೆ ಎಂಬುದು ಹಳೆಯ ಮಾತು. ಹಾಗಿದ್ದರೆ ಅವುಗಳ ಸತ್ವವನ್ನು ಬೇರ್ಪಡಿಸಿ ಕೊಟ್ಟರೆ ಲಾಭ ಹೆಚ್ಚಾಗಬೇಕಲ್ಲ? ವಿಜ್ಞಾನಿಗಳೂ ಹಾಗೆಯೇ ಎಣಿಸಿದ್ದರು. ಫಿನ್ಲೆಂಡ್‌ನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲ 1994ರಲ್ಲಿ ಹೊರಬಿತ್ತು: ಕ್ಯಾರಟ್ಟಿನಲ್ಲಿರುವ ಬೀಟಾ ಕ್ಯಾರೋಟಿನ್ನನ್ನು ದಿನಕ್ಕೆ 20 ಮಿಲಿಗ್ರಾಂ ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18 ಹೆಚ್ಚು. ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗದಲ್ಲಿ ಶೇ 28 ಹೆಚ್ಚು ಕಂಡು, 1996ರ ಜನವರಿಯಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು. ತರಕಾರಿಯಲ್ಲಿ ನಾರಿದೆ, ಫೋಲೇಟ್ ಇದೆ, ನೂರಾರು ಪದಾರ್ಥ ಸಣ್ಣ ಸಣ್ಣ ಅಳತೆಯಲ್ಲಿವೆ. ಅದನ್ನು ತಿನ್ನುವವರು ಸಾಮಾನ್ಯವಾಗಿ ಸಿಗರೇಟು, ಮದ್ಯವನ್ನೂ ಕಡಿಮೆ ಬಳಸುವವರು. ಆ ಹಿತವನ್ನೆಲ್ಲ ಒಂದು ಅಣುವಿನ ತಲೆಗೆ ಕಟ್ಟಿದ್ದೇ ತಪ್ಪಾಯಿತು.

ತಂದೆಯವರಿಗೆ ಈಗ ಬೇಕಾದದ್ದು ತೂಕ ಇಳಿಯದ ಹಾಗೆ ಊಟ. ಖಾರ, ಹುಳಿ, ಬಿಸಿ ಬಿಟ್ಟು ಮೆತ್ತಗಿನ ರಾಗಿ ಅಂಬಲಿ, ಮಜ್ಜಿಗೆ ಅನ್ನ, ನುಣ್ಣಗೆ ಮಸೆದ ಬೇಳೆ, ಅಭ್ಯಾಸವಿದ್ದರೆ ಬೇಯಿಸಿದ ಮೊಟ್ಟೆ, ಮಾಗಿದ ಬಾಳೆಹಣ್ಣು, ಪಪ್ಪಾಯ ಕೊಡಿ. ನೆಲ್ಲಿಕಾಯಿ ಹುಣ್ಣಿಗೆ ಉರಿಯುತ್ತದೆ, ಬಾಯಿ ಮಾಯ್ದ ಮೇಲೆ ತಿನ್ನಲಿ. ಹುಣ್ಣಿಗೆ ಬಾಯಿ ಮುಕ್ಕಳಿಸುವ ಔಷಧವನ್ನೂ ನೋವಿನ ಮಾತ್ರೆಯನ್ನೂ ರೇಡಿಯೇಶನ್ ವೈದ್ಯರನ್ನೇ ಕೇಳಿ ಪಡೆಯಿರಿ. ನೆಂಟರು ತಂದ ಬಾಟಲಿಯನ್ನೂ ಅವರಿಗೆ ತೋರಿಸಿ, ಈಗಾಗಲೇ ಕೊಟ್ಟಿದ್ದರೆ ಸಂಕೋಚವಿಲ್ಲದೆ ಹೇಳಿ. ತಂದೆಯವರು ಗುಟ್ಕಾ, ಬೀಡಿ ಇನ್ನೂ ಬಿಟ್ಟಿಲ್ಲವಾದರೆ ಇವತ್ತೇ ಬಿಡಿಸಿ. ಕ್ವಿಬೆಕ್‌ನ ಆ ರೋಗಿಗಳ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದಾಗ, ವಿಟಮಿನ್ ಮಾತ್ರೆಯಿಂದ ಕ್ಯಾನ್ಸರ್ ಮರುಕಳಿಸುವ ಅಪಾಯ ಎರಡು ಪಟ್ಟಿಗೂ ಮೀರಿ ಕಂಡದ್ದು ಚಿಕಿತ್ಸೆಯ ದಿನಗಳಲ್ಲೂ ಸಿಗರೇಟು ಸೇದುತ್ತಿದ್ದವರಲ್ಲಿ.