‘ನೆಗೆಟಿವ್’ ಎಂದು ಬರೆಯುವ ಮೊದಲು

ವರದಿಯಲ್ಲಿ ‘ಸಿಡಿ25 ನೆಗೆಟಿವ್’ ಎಂದು ಟೈಪ್ ಮಾಡುವ ಮೊದಲು ನಾನು ಎದ್ದು ಹೋಗಿ ಫ್ರಿಜ್ ತೆಗೆದು ಆ ಸೀಸೆಯನ್ನೊಮ್ಮೆ ನೋಡಿ ಬರುತ್ತೇನೆ. ಹಲಸೂರಿನ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಇದನ್ನು ಕಂಡು ಮುಸಿಮುಸಿ ನಗುತ್ತಾರೆ. ನಗಲಿ. ಆರು ತಿಂಗಳು ಕಳೆದರೆ ಅವರೂ ಎದ್ದು ಹೋಗುತ್ತಾರೆ.

ಬಿಳಿ ರಕ್ತಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಪ್ರೋಟೀನುಗಳೇ ಸೈಟೊಕೈನ್‌ಗಳು. ಅವುಗಳಲ್ಲಿ ಇಂಟರ್‌ಲ್ಯೂಕಿನ್-2 ಎಂಬುದನ್ನು ಹಿಡಿದುಕೊಳ್ಳುವ ಗ್ರಾಹಕದ ಒಂದು ಭಾಗ ಈ ಸಿಡಿ25. 2021ರಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿಗೆ, ಜನ ಟೋಸಿಲಿಝುಮ್ಯಾಬ್ ಹುಡುಕಿಕೊಂಡು ಅಲೆದರಲ್ಲ, ಅದೂ ಇಂಥ ಇನ್ನೊಂದು ಗ್ರಾಹಕಕ್ಕೆ, ಇಂಟರ್‌ಲ್ಯೂಕಿನ್-6ರ ಗ್ರಾಹಕಕ್ಕೆ, ಅಂಟುವ ಆಂಟಿಬಾಡಿಯೇ. ಅದು ಗ್ರಾಹಕದ ಬಾಯಿ ಮುಚ್ಚುವ ಔಷಧ. ನಮ್ಮ ಸೀಸೆಯಲ್ಲಿರುವ ಆಂಟಿಬಾಡಿಯದು ಗ್ರಾಹಕ ಇದೆಯೇ ಎಂದು ತೋರಿಸುವ ಕೆಲಸ ಮಾತ್ರ. ಆಂಟಿಬಾಡಿಗೆ ಬಣ್ಣ ಕಟ್ಟಿರುತ್ತಾರೆ. ಫ್ಲೋ ಸೈಟೋಮೀಟರಿನ ಲೇಸರ್ ಮುಂದೆ ಕಣ ಹಾದಾಗ ಅದು ಹೊಳೆಯುತ್ತದೆ. ಸಿಡಿ25ನ್ನು ಮೊದಲು ಗುರುತಿಸಿಕೊಟ್ಟದ್ದು 1981ರಲ್ಲಿ ಅಮೆರಿಕದಲ್ಲಿ ಥಾಮಸ್ ವಾಲ್ಡ್‌ಮನ್ ತಂಡ ಪ್ರಕಟಿಸಿದ ‘ಆಂಟಿ-ಟ್ಯಾಕ್’ ಎಂಬ ಆಂಟಿಬಾಡಿ.

ಇದರ ಮೇಲೆ ಇಷ್ಟು ಜೀವ ಯಾಕೆ ಇಟ್ಟುಕೊಳ್ಳಬೇಕು? ಹೇರಿ ಸೆಲ್ ಲ್ಯುಕೇಮಿಯ ಎಂಬ ಅಪರೂಪದ ರಕ್ತದ ಕ್ಯಾನ್ಸರ್ ಇದೆ. ಅದರ ಬಿ-ಕಣಗಳ ಮೇಲೆ ಸಿಡಿ11ಸಿ, ಸಿಡಿ103, ಸಿಡಿ123, ಸಿಡಿ25 ನಾಲ್ಕೂ ಕಾಣುತ್ತವೆ. (ಸಿಡಿ123 ಕೂಡ ಸೈಟೊಕೈನ್ ಗ್ರಾಹಕವೇ, ಇಂಟರ್‌ಲ್ಯೂಕಿನ್-3ರದು.) ಇದಕ್ಕೆ ಕ್ಲಾಡ್ರಿಬಿನ್ ಕೊಟ್ಟರೆ ಹೆಚ್ಚಿನವರು ವರ್ಷಗಟ್ಟಲೆ ನೆಮ್ಮದಿಯಾಗಿರುತ್ತಾರೆ. ನೋಡಲು ಹೆಚ್ಚುಕಡಿಮೆ ಹಾಗೇ ಇರುವ ‘ವೇರಿಯಂಟ್’ ರೂಪದಲ್ಲಿ ಸಿಡಿ25 ಇರುವುದಿಲ್ಲ, ಆ ಔಷಧ ಒಂದೇ ಅಲ್ಲಿ ಸಾಲುವುದೂ ಇಲ್ಲ. ಬಿಆರ್‌ಎಎಫ್ ಜೀನ್ ಪರೀಕ್ಷೆ ಮುಂತಾದ ಬೇರೆ ಸಾಕ್ಷಿಗಳೂ ಉಂಟು, ನಿಜ. ಆದರೆ ಮೊದಲು ಡಾಕ್ಟರ ಕೈ ಸೇರುವುದು ನಮ್ಮ ವರದಿ.

‘ಇದೆ’ ಎನ್ನುವುದು ಅಷ್ಟು ಕಷ್ಟವಲ್ಲ. ‘ಇಲ್ಲ’ ಎನ್ನಲು ಮಾತ್ರ ಹತ್ತು ಕಾರಣ ಇರಬಹುದು, ಅದರಲ್ಲಿ ಒಂದೇ ಒಂದು ರೋಗಿಯದು.

ನಾವು ಬಳಸುವ ಆಂಟಿಬಾಡಿಯ ಬಣ್ಣ ಫೈಕೊಎರಿಥ್ರಿನ್, ಕೆಂಪು ಪಾಚಿಯಿಂದ ತೆಗೆದ ಪ್ರೋಟೀನು. 2ರಿಂದ 8 ಡಿಗ್ರಿಯಲ್ಲಿಟ್ಟರೆ ಸುಖವಾಗಿರುತ್ತದೆ. ಫ್ರಿಜ್ಜಿನ ಹಿಂಗೋಡೆಗೆ ತಾಗಿ ಗಡ್ಡೆ ಕಟ್ಟಿತೋ, ಮತ್ತೆ ಕರಗಿದ ಮೇಲೆ ಹಳೆಯ ಹೊಳಪನ್ನು ನಂಬುವಂತಿಲ್ಲ. ಸೀಸೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅದೇ ತಿಳಿ ಗುಲಾಬಿ. ಹಾಗಾಗಿ ನಾನು ನೋಡುವುದು ಅದು ಕೂತಿರುವ ಜಾಗವನ್ನು.

ರಕ್ತದ ಕಥೆ ಉಲ್ಟಾ. ಅದಕ್ಕೆ ಐಸ್ ಬೇಡ, ಕೋಣೆಯ ತಂಪು ಸಾಕು. ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಬೆಂದು ಕೆ.ಆರ್. ಪುರದಿಂದ ಬಂದ ಪಿಕಪ್ ಹುಡುಗ ಒಮ್ಮೆ ಥರ್ಮೋಕೋಲ್ ಡಬ್ಬ ತೆಗೆದ. ನೇರಳೆ ಮುಚ್ಚಳದ ಟ್ಯೂಬು ಐಸ್‌ಪ್ಯಾಕಿಗೆ ಅಂಟಿಕೊಂಡಿತ್ತು. “ಬಿಸ್ಲಲ್ಲಿ ಕೆಟ್ಟೋಗ್ಬಾರ್ದು ಅಂತ ಐಸ್ ಹಾಕಿಸ್ಕೊಂಡ್ ಬಂದೆ ಮೇಡಂ” ಎಂದ, ಮುಖದಲ್ಲಿ ಹೆಮ್ಮೆ. ಬೈಯಲು ಬಾಯಿ ಬರಲಿಲ್ಲ. ಮತ್ತೆ ರಕ್ತ ತರಿಸಿದೆವು. ಅಂದಿನಿಂದ ಡಬ್ಬದ ಮೇಲೆ ‘ರಕ್ತಕ್ಕೆ ಐಸ್ ಇಡಬೇಡಿ’ ಎಂದು ಕನ್ನಡ, ತಮಿಳು, ಉರ್ದು ಮೂರರಲ್ಲೂ ಅಂಟಿಸಿದ್ದೇವೆ.

ಇನ್ನೊಂದು ತೊಡಕು ಕಾಯಿಲೆಯೊಳಗೇ ಇದೆ. ಹೇರಿ ಕಣಗಳು ಸಿಡಿ25ನ್ನು ಮೈಯಿಂದ ಉದುರಿಸುತ್ತವೆ. ರೋಗಿಯ ಪ್ಲಾಸ್ಮಾದಲ್ಲಿ ಅದು ಬಿಡಿಯಾಗಿ ತೇಲುತ್ತಿರುತ್ತದೆ. ತೊಳೆಯದ ರಕ್ತಕ್ಕೆ ಆಂಟಿಬಾಡಿ ಹಾಕಿದರೆ ಒಂದಷ್ಟು ಅದಕ್ಕೇ ಖರ್ಚು. ಖರ್ಚು ಎಂದಾಗ ನೆನಪಾಯಿತು: ಕಂಪನಿ ಹೇಳಿದ ಪ್ರಮಾಣದಲ್ಲಿ ಅರ್ಧ ಹಾಕಿ ಉಳಿಸಿ ಎಂಬ ಮಾತು ಎಲ್ಲ ಲ್ಯಾಬಿನಲ್ಲೂ ಏಳುತ್ತದೆ. ನನ್ನ ವಿರೋಧವಿಲ್ಲ, ಎಷ್ಟೋ ಸಲ ಅರ್ಧ ಸಾಕಾಗುತ್ತದೆ ಕೂಡ. ಆದರೆ ಅದನ್ನು ಹಂತಹಂತವಾಗಿ ತೆಳುಮಾಡಿ, ಅಳೆದು ನಿರ್ಧರಿಸಬೇಕು, ಬಿಲ್ ನೋಡಿ ಅಲ್ಲ. ಕಣಗಳನ್ನು ಮೊದಲೇ ಚೆನ್ನಾಗಿ ತೊಳೆದಿರಲೂಬೇಕು.

ಇಷ್ಟೆಲ್ಲ ಆದ ಮೇಲೂ ಬಿ-ಕಣಗಳು ಖಾಲಿ ಕಂಡರೆ ಅದೇ ಟ್ಯೂಬಿನ ಟಿ-ಕಣಗಳ ಕಡೆ ತಿರುಗುತ್ತೇನೆ. ರೋಗನಿರೋಧಕ ವ್ಯವಸ್ಥೆಗೆ ಲಗಾಮು ಹಾಕುವ ಟಿ-ರೆಗ್ ಕಣಗಳು ಸಾಮಾನ್ಯವಾಗಿ ಎಲ್ಲರಲ್ಲೂ ಸ್ವಲ್ಪ ಇರುತ್ತವೆ, ಅವುಗಳ ಮೇಲೆ ಸಿಡಿ25 ದಟ್ಟವಾಗಿರುತ್ತದೆ. ಪರದೆಯ ಮೇಲೆ ಸಣ್ಣದೊಂದು ಬಾಲದಂತೆ ಕಾಣುತ್ತವೆ. ಬಾಲ ಇದ್ದು ಬಿ-ಕಣ ಖಾಲಿಯಾಗಿದ್ದರೆ ಧೈರ್ಯವಾಗಿ ನೆಗೆಟಿವ್ ಎನ್ನಬಹುದು. ಬಾಲವೂ ಇಲ್ಲದಿದ್ದರೆ ವರದಿ ಅಲ್ಲೇ ನಿಲ್ಲುತ್ತದೆ. ಬೇರೆ ಲಾಟಿನ ಸೀಸೆ ತೆಗೆದು ಮತ್ತೆ ಸ್ಟೇನ್ ಮಾಡುತ್ತೇವೆ.

ಸೀಸೆಯದೂ ಅಲ್ಲ, ರಕ್ತದ್ದೂ ಅಲ್ಲದ ಕಾರಣ ಒಂದುಂಟು. ಕಿಡ್ನಿ ಕಸಿಯಾದವರಿಗೆ ಕೊಡುವ ಬೆಸಿಲಿಕ್ಸಿಮ್ಯಾಬ್ ಸಿಡಿ25ಕ್ಕೇ ಅಂಟುವ ಔಷಧ. ಅದು ಜಾಗ ಹಿಡಿದು ಕೂತಿರುವಷ್ಟು ಕಾಲ ಅದೇ ಜಾಗ ಹುಡುಕುವ ಆಂಟಿಬಾಡಿಗಳಿಗೆ ಕಣ ಖಾಲಿ ಕಾಣುತ್ತದೆ, ಬಾಲವೂ ಕಾಣುವುದಿಲ್ಲ. ಅದಕ್ಕಾಗಿ ನಮ್ಮ ಫಾರಂನಲ್ಲಿ ‘ಇತ್ತೀಚೆಗೆ ಕಸಿಯಾಗಿದೆಯೇ? ಯಾವ ಇಂಜೆಕ್ಷನ್?’ ಎಂಬ ಸಾಲು ಸೇರಿಸಿದೆವು. ಬಹಳಷ್ಟು ಫಾರಂಗಳಲ್ಲಿ ಆ ಸಾಲು ಖಾಲಿಯೇ ಬರುತ್ತದೆ. ಆಗ ವಾರ್ಡಿಗೆ ಫೋನ್ ಮಾಡಿ ಸಿಸ್ಟರನ್ನು ಕೇಳುತ್ತೇನೆ. ಅವರಿಗೆ ಗೊತ್ತಿರುತ್ತದೆ.