ಬೆನ್ನೆಲುಬಿನ ಬಾಡಿಗೆ

ವಿಜಯನಗರದಲ್ಲಿ ತಿಂಗಳಿಗೆ 15,000 ರೂಪಾಯಿಗೆ ದೊರೆತಿದ್ದ, ನಲ್ಲಿಯಲ್ಲಿ ಕಾವೇರಿ ನೀರೇ ಬರುತ್ತಿದ್ದ ಮನೆಯನ್ನು ತೊರೆದು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟ್ಯಾಂಕರನ್ನೇ ನಂಬಿದ, ಅದಕ್ಕಿಂತ ಕಿರಿದಾದ ಮನೆಯೊಂದಕ್ಕೆ 24,000 ತೆರಲು ನಾನು ಒಪ್ಪಿಕೊಂಡಾಗ, ಬಂಧುವರ್ಗದಲ್ಲಿ ನನ್ನ ಲೆಕ್ಕಜ್ಞಾನದ ವಿಷಯವಾಗಿ ಇದ್ದ ಅಲ್ಪಸ್ವಲ್ಪ ಗೌರವವೂ ಕರಗಿಹೋಯಿತು. "ಆಫೀಸು ಹತ್ತಿರವಾಗಲಿ ಅಂತ ವರ್ಷಕ್ಕೆ ಲಕ್ಷ ರೂಪಾಯಿ ಸುರೀತೀಯೇನಪ್ಪಾ?" ಎಂದರು ಸೋದರಮಾವ. ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಹಾದು ಬೊಮ್ಮಸಂದ್ರದವರೆಗೆ ಓಡತೊಡಗುವುದಕ್ಕೆ ಮುಂಚಿನ ಮಾತಿದು.

ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಈ ವ್ಯಾಧಿಯ ವಿಪರೀತ ಧರ್ಮವೇನೆಂದರೆ, ಇತರ ಬೆನ್ನುನೋವಿಗೆ ಹಿತವಾದ ವಿಶ್ರಾಂತಿಯೇ ಇದಕ್ಕೆ ಪೋಷಣೆಯಾಗುತ್ತದೆ: ರಾತ್ರಿಯ ಕಡೆಯ ಜಾವದಲ್ಲಿ ನೋವು ಎಬ್ಬಿಸುತ್ತದೆ, ಮುಂಜಾನೆ ಸೊಂಟವು ಕೊರಡಾಗಿರುತ್ತದೆ, ಬಿಸಿನೀರು ಸುರಿದುಕೊಂಡು ನಡೆದಾಡಿದಂತೆಲ್ಲ ಬಿಗಿತವು ಸಡಿಲಿ, ಬಹುಕಾಲ ಕುಳಿತರೆ ಮರಳುತ್ತದೆ. ಪ್ರಾತಃಕಾಲವೆಲ್ಲ ಶ್ರಮಿಸಿ ಸಂಪಾದಿಸಿದ ಆ ಸಡಿಲತೆಯನ್ನು ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಬಸ್ಸಿನ ಸೀಟಿನ ಮೇಲೆ ಕಳೆದುಕೊಂಡು ಕಚೇರಿ ಸೇರಿದವನಿಗೆ ಕೆಲಸವು ಆರಂಭವಾಗುವ ಮೊದಲೇ ದಿನವು ಮುಗಿದಿರುತ್ತದೆ. ಇಪ್ಪತ್ತು ಮೂವತ್ತರ ಪ್ರಾಯದಲ್ಲಿ, ಸಂಪಾದನೆ ಕುದುರುವ ಹೊತ್ತಿಗೇ ಸಾಮಾನ್ಯವಾಗಿ ತಲೆದೋರುವ ರೋಗವಾದುದರಿಂದ ಇದು ಹಣಕಾಸಿನ ಅಂಕಣಕ್ಕೂ ಸೇರಿದ್ದು.

ಮಾವನವರ ಲಕ್ಷವನ್ನೇ ಪರೀಕ್ಷಿಸೋಣ. ಬಾಡಿಗೆಯ ವ್ಯತ್ಯಾಸ ತಿಂಗಳಿಗೆ 9,000, ವರ್ಷಕ್ಕೆ 1,08,000. ಹತ್ತು ತಿಂಗಳ ಅಡ್ವಾನ್ಸಿನಲ್ಲಿ ಅಧಿಕವಾಗಿ ಸಿಕ್ಕಿಕೊಂಡ 90,000ಕ್ಕೆ ಎಫ್‌.ಡಿ.ಯಲ್ಲಿ ಶೇಕಡಾ 7ರಂತೆ ತಪ್ಪಿದ ಬಡ್ಡಿ 6,300. ಒಟ್ಟು 1,14,300; ಮಾವನವರ ಆಪಾದನೆಗಿಂತಲೂ ಹೆಚ್ಚೇ. ಇನ್ನೊಂದು ಕಡೆ ನೋಡಿ: 78,000ದ ಸಂಬಳವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 3,000, ತಿಂಗಳಲ್ಲಿ ಮೂರು ದಿನ ಸಂಬಳ ಕಡಿತವಾದರೆ ಬಾಡಿಗೆಯ ವ್ಯತ್ಯಾಸವು ಅಲ್ಲಿಗೇ ತೀರಿತು. ಬಾಡಿಗೆಯೂ ಸಂಬಳವೂ ಏರದೆ ನಿಂತಿವೆಯೆಂದೇ ಭಾವಿಸಿ ಎಂಟು ವರ್ಷ ಈ ಅಧಿಕವನ್ನು ತೆತ್ತರೆ ಆಗುವುದು 9,14,400. ಒಂದೇ ಒಂದು ವರ್ಷ ಉದ್ಯೋಗವಿಲ್ಲದೆ ಮನೆಯಲ್ಲಿ ಕುಳಿತರೆ ಹೋಗುವುದು 9,36,000, ಅದರೊಡನೆ ಕಂಪನಿಯ ಗ್ರೂಪ್ ಮೆಡಿಕ್ಲೇಮ್ ಕೂಡ. ನಾನು ಬಾಡಿಗೆ ತೆರುತ್ತಿರುವುದು ಮನೆಗಲ್ಲ, ಬೆನ್ನೆಲುಬಿಗೆ.

ಇದೇ ಸಮಯಕ್ಕೆ ಏಜೆಂಟರೊಬ್ಬರು ಕ್ರಿಟಿಕಲ್ ಇಲ್ನೆಸ್ ಪಾಲಿಸಿಯೊಂದನ್ನು ಹೊತ್ತು ಬಂದರು. ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ ಎಂದು ಸಾಗುವ ಅವರ ಪಟ್ಟಿಯಲ್ಲಿ, ಕೊಲ್ಲದೆ ದಶಕಗಳ ಕಾಲ ಸಂಪಾದನೆಯನ್ನು ಸವೆಸುವ ನನ್ನ ರೋಗಕ್ಕೆ ಸ್ಥಾನವಿರಲಿಲ್ಲ. "ಆದರೂ ಇರಲಿ ಸಾರ್" ಎಂದರು. ಏಕಿರಬೇಕು? ಭಯವನ್ನು ಕಂತಿನಲ್ಲಿ ಮಾರುವ ಈ ಸರಕಿನ ವಿಷಯದಲ್ಲಿ ನನಗೆ ತಾಳ್ಮೆಯಿಲ್ಲ. ಸಾಮಾನ್ಯ ಆರೋಗ್ಯ ವಿಮೆಯೂ ಹಳೆಯ ರೋಗಕ್ಕೆ 36 ತಿಂಗಳವರೆಗೆ ಕಾಯಿಸಬಹುದು. ಆಸ್ಪತ್ರೆ ಸೇರದೆ ಮನೆಯಲ್ಲೇ ಚುಚ್ಚಿಕೊಳ್ಳುವ, ಈ ರೋಗದ ಔಷಧವಾದ ಅಡಾಲಿಮುಮ್ಯಾಬಿಗೆ ಅದರಿಂದ ಹಣ ಬರುವುದು ಅಪರೂಪ. ಆ ಇಂಜೆಕ್ಷನ್ ಎರಡು ವಾರಕ್ಕೊಮ್ಮೆಯಾದುದರಿಂದ ವರ್ಷಕ್ಕೆ 26, ತಿಂಗಳಿಗೆರಡೆಂದು 24 ಅಲ್ಲ; ಬಜೆಟ್ ಬರೆಯುವವರು ಗಮನಿಸತಕ್ಕದ್ದು.

ಪೀಣ್ಯದ ಕಾರ್ಖಾನೆಗಳಲ್ಲಿರುವವರಿಗೆ ಬೇರೆ ಮಾತು. ಇ.ಎಸ್‌.ಐ.ಯ ವೇತನಮಿತಿ 2017ರಿಂದ 21,000ದಲ್ಲೇ ನಿಂತಿದೆ. ತಿಂಗಳಿಗೆ 160 ರೂಪಾಯಿಗೂ ಕಡಿಮೆ ವಂತಿಗೆಗೆ ಖರ್ಚಿನ ಮಿತಿಯಿಲ್ಲದ ಚಿಕಿತ್ಸೆ, ವರ್ಷದಲ್ಲಿ 91 ದಿನಗಳವರೆಗೆ ಶೇಕಡಾ 70ರ ರಜಾವೇತನ. ಸಾವಿರ ರೂಪಾಯಿಯ ಇನ್‌ಕ್ರಿಮೆಂಟಿಗೆ ಹಿಗ್ಗಿ ಮಿತಿಯನ್ನು ದಾಟಿದ ರೋಗಿಯು ಆ ವಂತಿಗೆಯ ಅವಧಿ ಮುಗಿದ ಬಳಿಕ ಇವನ್ನೆಲ್ಲ ಕಳೆದುಕೊಳ್ಳುತ್ತಾನೆ.

ಆದರೆ ಹಣವೊಂದೇ ಏನು ಮಾಡೀತು? ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದೇಳದವನು, ಭಾನುವಾರವನ್ನು ಹಾಸಿಗೆಗೆ ಮೀಸಲಿಟ್ಟವನು, ಟೀ ಅಂಗಡಿಯ ಮುಂದೆ ಸಿಗರೇಟು ಹಚ್ಚುವವನು ಕಚೇರಿಯ ಎದುರಿಗೇ ಮನೆ ಹಿಡಿದರೂ ಪ್ರಯೋಜನವಿಲ್ಲ. ಧೂಮಪಾನವು ಈ ರೋಗವನ್ನು ಉಲ್ಬಣಗೊಳಿಸುತ್ತದೆ. ನಲವತ್ತೈದರೊಳಗಿನ ಓದುಗರಲ್ಲಿ ಯಾರಿಗಾದರೂ ಬೆಳಗಿನ ಬೆನ್ನುಬಿಗಿತವು ಮೂರು ತಿಂಗಳು ಮೀರಿ, ನಡೆದಾಗ ಇಳಿದು ಮಲಗಿದಾಗ ಏರುತ್ತಿದ್ದರೆ, ಸಾವಿರಾರು ರೂಪಾಯಿಯ ಆರ್ಥೋಪೆಡಿಕ್ ಹಾಸಿಗೆಯನ್ನು ಕೊಳ್ಳುವುದಕ್ಕೆ ಮುನ್ನ ರುಮಟಾಲಜಿಸ್ಟರ ಒಂದು ಭೇಟಿಯ ಶುಲ್ಕವನ್ನು ದಯವಿಟ್ಟು ತೆರಿ.