ಪ್ರಕೃತಿಗೆ ಪ್ರತ್ಯಯ: ವಿಕಿಗೆ ಪ್ಲಗಿನ್ ಬರೆಯುವ ಪಾಠ

ನಾಮಪ್ರಕೃತಿಗೆ ವಿಭಕ್ತಿ ಪ್ರತ್ಯಯ ಸೇರಿದಾಗ ನಾಮಪದವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. 'ಮನೆ' ಎಂಬುದಕ್ಕೆ 'ಅನ್ನು' ಸೇರಿದರೆ 'ಮನೆಯನ್ನು', 'ಇಂದ' ಸೇರಿದರೆ 'ಮನೆಯಿಂದ'. ಪ್ರತ್ಯಯಗಳು ಎಷ್ಟು ಬಂದು ಹೋದರೂ 'ಮನೆ' ಮನೆಯಾಗಿಯೇ ಉಳಿಯುತ್ತದೆ. ಪ್ರತ್ಯಯವು ಸೇರುವ ಸ್ಥಾನವೂ ಗೊತ್ತಾದುದೇ; ಅದು ಪ್ರಕೃತಿಯ ಕೊನೆಗೆ ಬರುತ್ತದೆಯೇ ಹೊರತು ನಡುವೆ ನುಗ್ಗುವುದಿಲ್ಲ. ಗಣಕಯಂತ್ರದ ತಂತ್ರಾಂಶಕ್ಕೆ ಹೊಸ ಗುಣವೊಂದನ್ನು ಸೇರಿಸುವ ವಿಧಾನವೂ ಇದನ್ನೇ ಹೋಲುತ್ತದೆ. ಅದನ್ನು ನಮ್ಮ ಶಾಲೆಯ ಪದಸಂಗ್ರಹದ ಉದಾಹರಣೆಯಿಂದ ಇಲ್ಲಿ ತಿಳಿದುಕೊಳ್ಳೋಣ.

ವಿಕಿ ಎಂದರೇನು?

ಓದುವವರೇ ಬರೆಯಲೂ ತಿದ್ದಲೂ ಬರುವಂಥ ಪುಟಗಳ ಸಮೂಹಕ್ಕೆ ವಿಕಿ ಎಂದು ಹೆಸರು. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಬಳಕೆಗೆ ತಂದರು. 'ವಿಕಿ' ಎಂಬುದು ಹವಾಯಿ ದ್ವೀಪದ ಭಾಷೆಯ ಶಬ್ದ. 'ಬೇಗ' ಎಂದು ಅದರ ಅರ್ಥ. 2001ರಲ್ಲಿ ವಿಕಿಪೀಡಿಯ ಎಂಬ ವಿಶ್ವಕೋಶವು ಇಂಗ್ಲಿಷಿನಲ್ಲಿ ಆರಂಭವಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ವಿಕಿಪೀಡಿಯವನ್ನು ನಡೆಸುವ ತಂತ್ರಾಂಶದ ಹೆಸರು ಮೀಡಿಯಾವಿಕಿ. ಚಿಕ್ಕ ಸಂಸ್ಥೆಗಳಿಗೆ ಅನುಕೂಲವಾದ ಇನ್ನೊಂದು ತಂತ್ರಾಂಶವೆಂದರೆ ಡೊಕುವಿಕಿ. ಜರ್ಮನಿಯ ಆಂಡ್ರಿಯಾಸ್ ಗೋರ್ ಎಂಬವರು ಇದನ್ನು 2004ರಲ್ಲಿ ಹೊರತಂದರು. ಇದಕ್ಕೆ ಪ್ರತ್ಯೇಕ ದತ್ತಾಂಶ ಭಂಡಾರ ಬೇಕಿಲ್ಲ. ಪ್ರತಿಯೊಂದು ಪುಟವೂ ಒಂದು ಸಾದಾ ಬರಹದ ಕಡತ. ಹಳೆಯ ಗಣಕಯಂತ್ರವಿದ್ದರೂ ನಡೆಯುತ್ತದೆ.

ನಮ್ಮ ಪದಸಂಗ್ರಹ

ನಿಲಂಗಾ, ಉದಗೀರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿದ್ದವು ಎಂಬುದನ್ನು ಹಿರಿಯರು ಬಲ್ಲರು. ಉಮರ್ಗಾದಿಂದ ಬಸವಕಲ್ಯಾಣವೂ ದೂರವಲ್ಲ. ಆದ್ದರಿಂದ ನಮ್ಮ ಭಾಗದ ಮನೆಗಳಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಒಲೆಯ ಮುಂದೆ ಕುಳಿತಿವೆ. ನಮ್ಮ 'ತುಪ್ಪ'ವೇ ಮರಾಠಿಯ 'ತೂಪ್'. ನಮ್ಮ 'ಅಡಕತ್ತು' ಅಲ್ಲಿ 'ಅಡಕಿತ್ತಾ'. ನಾವು 'ಕೂರಿಗೆ' ಎಂಬುದನ್ನು ನೆರೆಯ ಹೊಲದವರು 'ತಿಫಣ' ಎನ್ನುತ್ತಾರೆ. ಬಿತ್ತನೆಗೆ ಟ್ರ್ಯಾಕ್ಟರು ಬಂದ ಮೇಲೆ ಕೂರಿಗೆಯ ಭಾಗಗಳ ಹೆಸರುಗಳು ಅಜ್ಜಂದಿರ ಬಾಯಲ್ಲಿ ಮಾತ್ರ ಉಳಿದಿವೆ. ಇಂಥ ಮಾತುಗಳನ್ನು ಮಕ್ಕಳಿಂದ ಸಂಗ್ರಹಿಸಿ ಡೊಕುವಿಕಿಯಲ್ಲಿ ಬರೆಯಿಸತೊಡಗಿದೆವು. ಒಂದು ಪದಕ್ಕೆ ಒಂದು ಪುಟ. ಪುಟದಲ್ಲಿ ಪದ, ಅದರ ಅರ್ಥ, ಮರಾಠಿ ಮಾತು, ಯಾವ ಊರಿನಲ್ಲಿ ಕೇಳಿದ್ದು ಎಂಬ ನಾಲ್ಕು ಸಾಲುಗಳಿರಬೇಕೆಂದು ನಿಯಮ ಮಾಡಿದೆವು.

ಮಕ್ಕಳು ಉತ್ಸಾಹದಿಂದ ಬರೆದರು, ಆದರೆ 'ಊರು:' ಎಂಬ ಸಾಲನ್ನು ಮರೆಯುತ್ತಿದ್ದರು. ಊರಿಲ್ಲದ ಪದವು ವಿಳಾಸವಿಲ್ಲದ ಕಾಗದದಂತೆ. ಈ ನಿಯಮವನ್ನು ವಿಕಿಯೇ ನೆನಪಿಡುವಂತೆ ಮಾಡುವುದು ಹೇಗೆ?

ಕೊಕ್ಕೆಯ ಉಪಯೋಗ

ಡೊಕುವಿಕಿಯ ಮೂಲ ಕಡತವನ್ನೇ ತೆರೆದು ನಡುವೆ ನಾಲ್ಕು ಸಾಲು ಬರೆದರೆ ಕೆಲಸವಾಗುತ್ತದೆ. ಆದರೆ ಮುಂದಿನ ಆವೃತ್ತಿಯನ್ನು ಸ್ಥಾಪಿಸಿದ ದಿನ ಹೊಸ ಕಡತವು ಹಳೆಯದರ ಮೇಲೆ ಕುಳಿತು ನಮ್ಮ ಸಾಲುಗಳು ಅಳಿಸಿಹೋಗುತ್ತವೆ. ಹೊಸ ಆವೃತ್ತಿಯೇ ಬೇಡವೆಂದರೆ ಅದರೊಡನೆ ಬರುವ ಸುರಕ್ಷತೆಯ ತಿದ್ದುಪಡಿಗಳೂ ತಪ್ಪಿಹೋಗುತ್ತವೆ. ಆದ್ದರಿಂದ ತಂತ್ರಾಂಶವನ್ನು ರಚಿಸಿದವರು ಅಲ್ಲಲ್ಲಿ ಕೊಕ್ಕೆಗಳನ್ನು ಇಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಹುಕ್ ಎಂದೇ ಹೆಸರು. ಗೋಡೆಯ ಗೂಟಕ್ಕೆ ಚೀಲ ತೂಗುಹಾಕಿದಂತೆ ನಮ್ಮ ಕೆಲಸವನ್ನು ಅಲ್ಲಿ ತೂಗುಹಾಕಬಹುದು, ಬೇಡವಾದಾಗ ತೆಗೆಯಬಹುದು. ಗೋಡೆಗೆ ಏನೂ ಆಗುವುದಿಲ್ಲ. ಹೀಗೆ ತೂಗುಹಾಕುವ ಪುಟ್ಟ ತಂತ್ರಾಂಶಕ್ಕೆ ಪ್ಲಗಿನ್ ಎನ್ನುತ್ತಾರೆ.

ನಮ್ಮ ಬೆಳಗಿನ ಪ್ರಾರ್ಥನೆಯನ್ನು ನೆನೆಯಿರಿ. 'ರಾಷ್ಟ್ರಗೀತೆಗೆ ಮುಂಚೆ ನಾನು ಸುಭಾಷಿತ ಓದುತ್ತೇನೆ' ಎಂದು ಒಬ್ಬ ವಿದ್ಯಾರ್ಥಿ ಮೊದಲೇ ಹೆಸರು ಕೊಟ್ಟಿರುತ್ತಾನೆ. ಆ ಸಮಯ ಬಂದೊಡನೆ ಗುರುಗಳು ಪಟ್ಟಿ ನೋಡಿ ಅವನನ್ನು ಕರೆಯುತ್ತಾರೆ. ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲದಿದ್ದರೆ ಪ್ರಾರ್ಥನೆ ಎಂದಿನಂತೆ ಸಾಗುತ್ತದೆ. ಡೊಕುವಿಕಿಯೂ ಹೀಗೆಯೇ ಮಾಡುತ್ತದೆ. ಪುಟವನ್ನು ಉಳಿಸುವುದು ಒಂದು ಘಟನೆ. ಅದಕ್ಕೆ 'ಮುಂಚೆ', 'ನಂತರ' ಎಂಬ ಎರಡು ಕೊಕ್ಕೆಗಳಿವೆ. ಮುಂಚಿನ ಕೊಕ್ಕೆಯಲ್ಲಿ ನಿಂತವನು ಉಳಿಸಲಿರುವ ಬರಹವನ್ನು ತಿದ್ದಬಹುದು, ಉಳಿಸುವುದನ್ನೇ ತಡೆಯಲೂಬಹುದು. ನಂತರದ ಕೊಕ್ಕೆಯಲ್ಲಿ ನಿಂತವನು ನಡೆದುಹೋದುದನ್ನು ತಿಳಿದು ಮುಂದಿನ ಕೆಲಸ ಮಾಡುತ್ತಾನೆ.

ಬರೆಯುವ ಕ್ರಮ

1. ಡೊಕುವಿಕಿಯ 'ಲಿಬ್' ಕೋಶದೊಳಗೆ 'ಪ್ಲಗಿನ್ಸ್' ಎಂಬ ಕೋಶವಿದೆ. ಅದರಲ್ಲಿ ನಮ್ಮ ಪ್ಲಗಿನ್ನಿನ ಹೆಸರಿನ ಹೊಸ ಕೋಶ ಮಾಡಬೇಕು. ಹೆಸರಿನಲ್ಲಿ ಇಂಗ್ಲಿಷಿನ ಚಿಕ್ಕಕ್ಷರಗಳು, ಅಂಕೆಗಳು ಮಾತ್ರ ಇರಲಿ.

2. ಅದರೊಳಗೆ ಮಾಹಿತಿಯ ಕಡತವೊಂದನ್ನಿಟ್ಟು ಪ್ಲಗಿನ್ನಿನ ಹೆಸರು, ಬರೆದವರು, ದಿನಾಂಕ, ಉದ್ದೇಶ ಇವನ್ನು ನಮೂದಿಸಬೇಕು.

3. 'ಆ್ಯಕ್ಷನ್' ಎಂಬ ಹೆಸರಿನ ಪಿಎಚ್‌ಪಿ ಕಡತದಲ್ಲಿ ಎರಡು ಕಾರ್ಯಗಳನ್ನು ಬರೆಯಬೇಕು. ಮೊದಲನೆಯದು ಹೆಸರು ಕೊಡುವ ಕಾರ್ಯ. ಇದರಲ್ಲಿ ನಾಲ್ಕು ಸಂಗತಿ ತಿಳಿಸಬೇಕು: ಯಾವ ಘಟನೆ, ಮುಂಚೆಯೋ ನಂತರವೋ, ಯಾರನ್ನು ಕರೆಯಬೇಕು, ಅವರ ಯಾವ ಕಾರ್ಯವನ್ನು ನಡೆಸಬೇಕು.

4. ಎರಡನೆಯದು ನಿಜವಾದ ಕೆಲಸ. ಘಟನೆಯೊಡನೆ ಬಂದ ಹೊಸ ಬರಹವನ್ನು ಓದಿ ಅದರಲ್ಲಿ 'ಊರು:' ಇದೆಯೇ ಎಂದು ಹುಡುಕಬೇಕು.

ನಾವು ಮಾಡಿದ ತಪ್ಪು

ಮೊದಲ ಸಲ ನಾವು ಬರೆದ ಪ್ಲಗಿನ್ ಕಟ್ಟುನಿಟ್ಟಾಗಿತ್ತು: ಊರು ಬರೆಯದಿದ್ದರೆ ಪುಟವನ್ನು ಉಳಿಸಲು ಬಿಡಬೇಡ. ಒಂದು ಮಧ್ಯಾಹ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯಿಂದ ಕೇಳಿ ಬಂದ ಬೀಸುವ ಕಲ್ಲಿನ ಮಾತುಗಳನ್ನು ಬಹಳ ಹೊತ್ತು ಕುಳಿತು ಬರೆದಳು. ಊರಿನ ಸಾಲು ಮರೆತಿದ್ದಳು. ಉಳಿಸು ಎಂದು ಒತ್ತಿದೊಡನೆ ನಮ್ಮ ಪ್ಲಗಿನ್ ತಡೆಯಿತು. ಉಳಿಸುವ ಕ್ರಿಯೆ ಮುಗಿದೊಡನೆ ಡೊಕುವಿಕಿಯು ತಾತ್ಕಾಲಿಕ ಕರಡನ್ನು ಅಳಿಸಿಹಾಕುತ್ತದೆ. ಪುಟವೂ ಇಲ್ಲ, ಕರಡೂ ಇಲ್ಲ. ಅವಳು ಅಳಲಿಲ್ಲ, "ಇರಲಿ ಬಿಡ್ರಿ ಸರ್" ಎಂದು ಎದ್ದು ಹೋದಳು. ಅದೇ ನಮಗೆ ಹೆಚ್ಚು ಚುಚ್ಚಿತು. ಮಾತುಗಳನ್ನು ಉಳಿಸಲು ಹೊರಟ ನಾವೇ ಮಾತುಗಳನ್ನು ಕಳೆದಿದ್ದೆವು. ಮರುವಾರ ಅವಳು ಅಜ್ಜಿಯನ್ನು ಮತ್ತೆ ಕೇಳಿ ಬರೆದಳು. ಆದರೆ ಮೊದಲಿನಷ್ಟು ಮಾತುಗಳು ಬರಲಿಲ್ಲ.

ಆ ಮೇಲೆ ಪ್ಲಗಿನ್ನನ್ನು ಬದಲಿಸಿದೆವು. ಈಗ ಅದು ಯಾರನ್ನೂ ತಡೆಯುವುದಿಲ್ಲ. ಊರಿನ ಸಾಲು ಇಲ್ಲದಿದ್ದರೆ ಬರಹದ ಕೊನೆಗೆ 'ಊರು: ಕೇಳಿ ಬರೆಯಬೇಕು' ಎಂದು ತಾನೇ ಸೇರಿಸಿ ಉಳಿಸುತ್ತದೆ. ಅಂಥ ಪುಟಗಳನ್ನು ಹುಡುಕಿ ನಿಧಾನವಾಗಿ ತುಂಬಬಹುದು. ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಡೊಕುವಿಕಿಯಲ್ಲಿ ಖಾಲಿ ಬರಹವನ್ನು ಉಳಿಸುವುದೆಂದರೆ ಆ ಪುಟವನ್ನು ತೆಗೆದುಹಾಕುವುದೆಂದು ಅರ್ಥ; ಆದ್ದರಿಂದ ಬರಹ ಖಾಲಿಯಿದ್ದರೆ ಪ್ಲಗಿನ್ ಸುಮ್ಮನಿರಬೇಕು. ಈ ಕೆಲಸವನ್ನು 'ನಂತರ'ದ ಕೊಕ್ಕೆಗೆ ಹಾಕಲೂಬಾರದು. ಉಳಿಸಿದ ನಂತರ ಸಾಲು ಸೇರಿಸಬೇಕಾದರೆ ಮತ್ತೊಮ್ಮೆ ಉಳಿಸಬೇಕು. ಉಳಿಸಿದರೆ ಅದೇ ಘಟನೆ ಮತ್ತೆ ನಡೆದು ಅದೇ ಪ್ಲಗಿನ್ ಮತ್ತೆ ಎದ್ದು ನಿಲ್ಲುತ್ತದೆ. ಅಜಾಗರೂಕತೆಯಿಂದ ಬರೆದರೆ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ.

ಕನ್ನಡಕ್ಕಾಗಿ ಒಂದು ಮಾತು

ಇಂಗ್ಲಿಷಿನ ಅಕ್ಷರವೊಂದಕ್ಕೆ ಗಣಕಯಂತ್ರವು ಒಂದು ಬೈಟ್ ಸ್ಥಳ ಕೊಟ್ಟರೆ, ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. 'ಕನ್ನಡ' ಎಂಬುದು ನಮ್ಮ ಕಣ್ಣಿಗೆ 3 ಅಕ್ಷರ. ಯಂತ್ರಕ್ಕೆ ಕ, ನ, ವಿರಾಮ ಚಿಹ್ನೆ, ನ, ಡ ಎಂಬ 5 ಚಿಹ್ನೆಗಳು. ಒಟ್ಟು 15 ಬೈಟ್. ಬೈಟುಗಳನ್ನು ಎಣಿಸಿ 10ಕ್ಕೆ ಕತ್ತರಿಸಿದರೆ ನಾಲ್ಕನೆಯ ಚಿಹ್ನೆ ಒಡೆದು ಕಸವಾಗುತ್ತದೆ. ಚಿಹ್ನೆಗಳನ್ನು ಎಣಿಸಿ 3ಕ್ಕೆ ಕತ್ತರಿಸಿದರೂ 'ಕನ್' ಎಂದು ಅರ್ಧ ಮಾತು ಉಳಿಯುತ್ತದೆ. ಒತ್ತಕ್ಷರದ ಪಾಠವನ್ನು ಸರಿಯಾಗಿ ಕಲಿತವನೇ ಕನ್ನಡಕ್ಕೆ ತಕ್ಕ ಪ್ಲಗಿನ್ ಬರೆಯಬಲ್ಲ.

ದೊಡ್ಡವರ ಕೆಲಸದಲ್ಲಿಯೂ ಇದೇ ವಿಧಾನವನ್ನು ಕಾಣಬಹುದು. ಕನ್ನಡದ ಕೀಲಿಮಣೆ ಇಲ್ಲದ ಯಂತ್ರದಲ್ಲಿ ವಿಕಿಪೀಡಿಯಕ್ಕೆ ಬರೆಯುವುದು ಕಷ್ಟವಾಗಿದ್ದಾಗ, 2011ರಲ್ಲಿ ಭಾರತೀಯ ಭಾಷೆಗಳಿಗಾಗಿ 'ನಾರಾಯಂ' ಎಂಬ ವಿಸ್ತರಣೆ ಬಂತು. ಮೀಡಿಯಾವಿಕಿಯ ಮೂಲವನ್ನು ತಿದ್ದದೆ, 'ಪುಟ ತೋರಿಸುವ ಮುಂಚೆ' ಎಂಬ ಕೊಕ್ಕೆಗೆ ಅದನ್ನು ತೂಗುಹಾಕಿದ್ದರು. 2013ರಲ್ಲಿ ಅದರ ಕೆಲಸವನ್ನು ಇನ್ನೊಂದು ವಿಸ್ತರಣೆ ವಹಿಸಿಕೊಂಡಿತು. ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೂ ಮೂಲಕ್ಕೆ ಧಕ್ಕೆಯಾಗಲಿಲ್ಲ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಮನೆಯಲ್ಲಿ "ಇದಕ್ಕೆ ಮೊದಲು ಏನಂತಿದ್ರಿ?" ಎಂದು ಕೇಳಿದಾಗ ಬೇಸರಿಸದೆ ಹೇಳಿರಿ. ಪ್ಲಗಿನ್ ಕೆಟ್ಟರೆ ಮತ್ತೆ ಬರೆಯಬಹುದು. ಅಜ್ಜಿಯ ಮಾತನ್ನು ಅಜ್ಜಿ ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಅಭ್ಯಾಸ

1. ಮೂಲ ಕಡತವನ್ನು ತಿದ್ದುವುದಕ್ಕಿಂತ ಕೊಕ್ಕೆಯನ್ನು ಬಳಸುವುದು ಏಕೆ ಮೇಲು?

2. 'ಅಡಕತ್ತು' ಎಂಬ ಪದದಲ್ಲಿ ಅಕ್ಷರಗಳೆಷ್ಟು, ಚಿಹ್ನೆಗಳೆಷ್ಟು, ಬೈಟುಗಳೆಷ್ಟು? ಎಣಿಸಿ ಬರೆಯಿರಿ.

3. ವಿದ್ಯಾರ್ಥಿಯೊಬ್ಬ 'ಊರು' ಮತ್ತು ಎರಡು ಚುಕ್ಕೆಗಳ ನಡುವೆ ಜಾಗ ಬಿಟ್ಟು ಬರೆದರೆ ನಮ್ಮ ಪ್ಲಗಿನ್ ಏನು ಮಾಡುತ್ತದೆ? ಅದನ್ನು ಸರಿಪಡಿಸುವ ಉಪಾಯವೇನು?

4. ನಿಮ್ಮ ಮನೆಯ ಹಿರಿಯರಿಂದ ಐದು ಮಾತುಗಳನ್ನು ಕೇಳಿ ಬರೆಯಿರಿ. ಊರಿನ ಹೆಸರನ್ನು ಮರೆಯದಿರಿ.